ಸುಬಿಯಾದ ಗೋರಿಯೊಳಗೆ ಒಂದು ಅಡಿಕೆ

ಸುಬಿಯಾ ಕ್ಯಾಂಪ್, ಕುವೈತ್
8 ನವೆಂಬರ್ 2024, ಶುಕ್ರವಾರ

ಮಗಳೇ ದೀಕ್ಷಿತಾ,

ಈಗ ಕುವೈತ್ ದೇಶದಲ್ಲಿ ನನ್ನನ್ನು ಕೇಳದೆ ಯಾರೂ ಒಂದು ಕಲ್ಲನ್ನೂ ಅಲ್ಲಾಡಿಸುವುದಿಲ್ಲ. ಈ ಸಾಲು ಓದಿ ನಿನ್ನ ಅಮ್ಮ ನಗುತ್ತಾಳೆ ಎಂದು ಗೊತ್ತು. "ಭೋಜಣ್ಣ ಹೇಳಿದ್ದನ್ನು ಹತ್ತರಿಂದ ಭಾಗಿಸಿ ನಂಬಬೇಕು" ಎಂದು ಲಂಗ ಹಾಕುವ ಕಾಲದಿಂದ ಊರೆಲ್ಲ ಸಾರಿದವಳು ಮೋಹಿನಿ. ಭಾಗಿಸಲಿ. ಒಡಹುಟ್ಟಿದ ತಂಗಿ, ಅಷ್ಟು ಅಧಿಕಾರ ಉಂಟು. ಆದರೆ ಕಲ್ಲನ್ನು ಹತ್ತು ಭಾಗ ಮಾಡಿದರೂ ಕಲ್ಲೇ ಅಲ್ವಾ?

ಜಹ್ರಾ ಪಟ್ಟಣ ದಾಟಿ ಉತ್ತರಕ್ಕೆ ಬಂದರೆ ಮನೆಯಿಲ್ಲ, ಮರವಿಲ್ಲ, ಗಾಳಿಗೆ ಅಡ್ಡ ನಿಲ್ಲುವ ಒಂದು ಆಡೂ ಇಲ್ಲ. ಅಲ್ಲಿ ಸಮುದ್ರಕ್ಕೆ ಮುಖಮಾಡಿದ ದಿಬ್ಬದ ಮೇಲೆ ನಾಲ್ಕು ಸಾವಿರ ವರ್ಷದ ಹಿಂದಿನ ಒಂದು ಗೋರಿ. ಅದನ್ನು ಬಿಡಿಸಿ ನೋಡುವುದಕ್ಕೆ ಯುರೋಪಿನಿಂದ ರೆಜಿನಾ ಮೇಡಂ ಎಂಬವರು ತಂಡ ಕಟ್ಟಿಕೊಂಡು ಬಂದಿದ್ದಾರೆ. ಬೆಳಿಗ್ಗೆ ಎದ್ದ ಕೂಡಲೇ ಅವರು ಮೊದಲು ಹುಡುಕುವುದು ನನ್ನನ್ನು. ಮಧ್ಯಾಹ್ನ ನಾನು ಗಂಟೆ ಬಾರಿಸಿದರೆ ಮಾತ್ರ ಎಲ್ಲರೂ ಗುಂಡಿಯಿಂದ ಮೇಲೆ ಬರುತ್ತಾರೆ. ನನ್ನ ಹುದ್ದೆಯ ಹೆಸರು ಇಂಗ್ಲಿಷಿನಲ್ಲಿ ಉಂಟು, ಉದ್ದವಾಯಿತು, ಬರೆಯುವುದಿಲ್ಲ. ಸಂಬಳ ತಿಂಗಳಿಗೆ ಸಾವಿರದ ಐನೂರು ದಿನಾರ್.

ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಶುಕ್ರವಾರ ಶುಕ್ರವಾರ ಜಹ್ರಾದಿಂದ ನೀರು, ಸಾಮಾನು ತರುವ ಉಳ್ಳಾಲದ ಬಾವಾಕುಂಞಿ ಈ ಕಾಗದದ ಫೋಟೋ ತೆಗೆದು ಪಟ್ಟಣಕ್ಕೆ ಹೋದ ಮೇಲೆ ನಿನಗೆ ಕಳಿಸುತ್ತಾನೆ. ನೀನು ಬರೆದದ್ದನ್ನು ಪ್ರಿಂಟ್ ಹಾಕಿಸಿ ತರುತ್ತಾನೆ. ಓದುವುದಿಲ್ಲ ಎಂದು ಆಣೆ ಮಾಡಿದ್ದಾನೆ. ಬಾವಾಕುಂಞಿ, ಇಲ್ಲಿಯವರೆಗೆ ಓದಿದ್ದು ಸಾಕು ಮಾರಾಯ, ನಿಲ್ಲಿಸು.

ನೀನು ಹಳೆ ಸಮಾಧಿಗಳ ಮೇಲೆ ಎಂ.ಎ.ಗೆ ಪ್ರಬಂಧ ಬರೆಯುತ್ತಿದ್ದೀ ಎಂದು ಅಮ್ಮ ಹೇಳಿದಳು. ಬೇಕಾದ್ದು ಕೇಳು. ಅಜ್ಜಿಯ ಮೊಣಕಾಲು ಹೇಗುಂಟು? ಹೊರಡುವ ದಿನ ಮಗನಿಗೆಂದು ನನ್ನ ಅಂಗಿಯ ಕಿಸೆಗೆ ಅವರು ತುರುಕಿದ ಅಡಿಕೆಯಲ್ಲಿ ಒಂದು ಇನ್ನೂ ಉಳಿದಿದೆ ಎಂದು ಹೇಳು. ಜಗಿಯುವ ಮನಸ್ಸಾಗುವುದಿಲ್ಲ.

ನಿನ್ನ ಭೋಜ ಮಾಮ


ಕೊಣಾಜೆ
17 ನವೆಂಬರ್ 2024

ಪ್ರೀತಿಯ ಭೋಜ ಮಾಮ,

ಅಮ್ಮ ಸಂಬಳವನ್ನು ಭಾಗಿಸಿದರು. ನೂರೈವತ್ತು ಬಂತು. "ಸರಿಯಾಗಿಯೇ ಉಂಟು, ಪಾಪ" ಎಂದು ಕಾಗದ ಮಡಚಿಟ್ಟರು.

ನನ್ನ ವಿಷಯ ನಮ್ಮ ಊರಿನ ದೂಪೆ. ಹೆಣ ಸುಟ್ಟ ಜಾಗದಲ್ಲಿ, ಉತ್ತರಕ್ರಿಯೆಯ ಬೊಜ್ಜದ ದಿನ ಮಣ್ಣು ಪೇರಿಸಿ, ಮೆಟ್ಟಿಲು ಮೆಟ್ಟಿಲಾಗಿ ತಟ್ಟಿ ಎಬ್ಬಿಸುತ್ತಾರಲ್ಲ, ಅದೂ ಒಂದು ವಾಸ್ತುಶಿಲ್ಪ ಎಂದು ಹೇಳಬೇಕೆಂದಿದ್ದೇನೆ. ಗಲ್ಫಿನ ಕಲ್ಲಿನ ಗೋರಿಗಳ ಜೊತೆ ಇಟ್ಟು ನೋಡುವ ಆಸೆ. ನಮ್ಮ ಸರ್ ನಗುತ್ತಾರೆ. "ಅದು ಮಣ್ಣಿನ ಗುಡ್ಡೆಯಮ್ಮಾ, ಮಳೆಗಾಲ ಕಳೆದರೆ ಅರ್ಧ ಹೋಗ್ತದೆ, ಅದರಲ್ಲಿ ಎಂತ ಉಂಟು ಬರೀಲಿಕ್ಕೆ?" ಎನ್ನುತ್ತಾರೆ. ಅವರನ್ನು ಒಪ್ಪಿಸಬೇಕು.

ಹಾಗಾಗಿ ಇದಕ್ಕೆಲ್ಲ ಉತ್ತರ ಬರೆಯಿರಿ: ಕಲ್ಲು ಎಲ್ಲಿಂದ ತಂದರು? ನಡುವಿನ ಕೋಣೆ ಮೊದಲೋ ಹೊರಗಿನ ಸುತ್ತುಗೋಡೆ ಮೊದಲೋ? ಅಷ್ಟು ದೊಡ್ಡ ಮುಚ್ಚುಗಲ್ಲನ್ನು ಏರಿಸಿದ್ದು ಹೇಗೆ? ಮುಖ್ಯವಾದದ್ದು ಇದು. ಒಂದೇ ಸಲ ಕಟ್ಟಿ ಬಿಟ್ಟರೋ, ಆಮೇಲೆ ಯಾರಾದರೂ ತಿರುಗಿ ಬಂದು ಕೈ ಹಚ್ಚಿದ ಗುರುತು ಇದೆಯೋ?

ಅಜ್ಜಿಗೆ ನೋವು ಹಾಗೆಯೇ ಇದೆ. ಅಡಿಕೆಯ ಸುದ್ದಿ ಹೇಳಿದೆ. "ಹಲ್ಲಿದ್ದವನಿಗೆ ಅಡಿಕೆಯ ಬೆಲೆ ಗೊತ್ತಿಲ್ಲ" ಎಂದರು.

ದೀಕ್ಷಿತಾ


ಸುಬಿಯಾ ಕ್ಯಾಂಪ್
29 ನವೆಂಬರ್ 2024, ಶುಕ್ರವಾರ

ಮಗಳೇ,

ನಿನ್ನ ಸರ್‌ಗೆ ಹೇಳು, ಭೋಜ ಮಾಮನ ಕೈಯಿಂದ ಬಂದ ವಿವರ ಎಂದು.

ಕಲ್ಲು ದೂರದ್ದಲ್ಲ. ದಿಬ್ಬದ ಅಂಚಿನಲ್ಲೇ ಬಂಡೆ ಪದರ ಪದರವಾಗಿ ಉಂಟು. ಕಾವಲಿಯಿಂದ ದೋಸೆ ಎಬ್ಬಿಸಿದ ಹಾಗೆ ಹಾರೆ ಹಾಕಿ ಎಬ್ಬಿಸಬಹುದು. ನಡುವಿನ ಕೋಣೆ ಬೊಜ್ಜದ ಊಟಕ್ಕೆ ತರುವ ದೊಡ್ಡ ಕೊಪ್ಪರಿಗೆ ಎರಡನ್ನು ಒಂದೇ ಸಾಲಿನಲ್ಲಿ ಇಟ್ಟಷ್ಟು ಉದ್ದ, ಒಂದು ಇಟ್ಟಷ್ಟು ಅಗಲ. ಗೋಡೆ ಮೇಲೆ ಹೋದ ಹಾಗೆ ಒಳಗೆ ಬಾಗುತ್ತದೆ. ಬಾಯಿ ಕಿರಿದಾದರೆ ಮುಚ್ಚಳ ಸಣ್ಣದು ಸಾಕಲ್ಲ, ಬುದ್ಧಿವಂತರು. ಹಾಗಿದ್ದೂ ಮೂರು ಮುಚ್ಚುಗಲ್ಲುಗಳಲ್ಲಿ ಒಂದೊಂದಕ್ಕೆ ಎಂಟು ಜನ ಬೇಕಾಯಿತು, ನಮ್ಮ ಕೆಲಸದವರು ಸರಿಸುವಾಗ. ಆ ಕಾಲದವರು ಕೋಣೆಯ ಸುತ್ತ ಜಲ್ಲಿ ಸುರಿದು ಇಳಿಜಾರು ಮಾಡಿ, ಅದರ ಮೇಲೆ ಎಳೆದುಕೊಂಡು ಹೋಗಿದ್ದಾರಂತೆ. ಆಮೇಲೆ ಆ ಜಲ್ಲಿಯನ್ನು ತೆಗೆಯಲೇ ಇಲ್ಲ, ಅದೇ ಗೋರಿಯ ಹೊಟ್ಟೆಯಾಯಿತು. ಬಾಣಲೆಯಲ್ಲಿ ಉಳಿದ ಒಗ್ಗರಣೆಗೇ ಸಾರು ಹೊಯ್ದ ಹಾಗೆ.

ಸುತ್ತುಗೋಡೆಯ ವಿಷಯದಲ್ಲಿ ನಾನು ಕೆಲಸದವರ ಮೇಸ್ತ್ರಿ ಸೈದುವಿನ ಹತ್ತಿರ ಪಂಥ ಕಟ್ಟಿದೆ. ಸುತ್ತು ಮೊದಲು, ಆಮೇಲೆ ನಡು. ಅಂಗಳದಲ್ಲಿ ಪಂದ್ಯದ ಗೋಲ ಎಳೆಯದೆ ಯಾರಾದರೂ ಆಟ ಶುರು ಮಾಡುತ್ತಾರಾ? ಮೇಡಂ ನನ್ನನ್ನು ಕರೆದು ತೋರಿಸಿದರು. ಸುತ್ತುಗೋಡೆಯ ಅಡಿಗಲ್ಲಿನ ಕೆಳಗೆ ಒಳಗಿನಿಂದ ಜಾರಿ ಬಂದ ಜಲ್ಲಿ ಉಂಟು. ಅಂದರೆ ಜಲ್ಲಿ ಮೊದಲೇ ಇತ್ತು, ಅದು ಹರಡದ ಹಾಗೆ ಗೋಡೆ ಬಂದದ್ದು ಆಮೇಲೆ. ಮೊದಲು ಸತ್ತವನ ಜಾಗ, ಮತ್ತೆ ಊರಿನವರ ಗೋಡೆ. ನಾನು ಒಪ್ಪಿಕೊಂಡೆ. ದೊಡ್ಡ ಮನುಷ್ಯರು ಹಾಗೆ ಆಗಾಗ ಬಿಟ್ಟುಕೊಡಬೇಕು.

ಕೋಣೆ ಗಿಡ್ಡ, ಹಾಗಾಗಿ ಅದರಲ್ಲಿ ಮಲಗಿದ ರಾಜನೂ ಗಿಡ್ಡ ಎಂದು ನನ್ನ ಅಭಿಪ್ರಾಯ.

ನಿನ್ನ ಕೊನೆಯ ಪ್ರಶ್ನೆಗೆ ಒಂದು ಸಾಕ್ಷಿಯನ್ನು ನಾನೇ ಕಂಡುಹಿಡಿದಿದ್ದೆ. ಗೋರಿಯ ಪಕ್ಕ ಬೂದಿ. ಕಟ್ಟಿದವರಿಗೆ ಊಟ ಹಾಕಿದ ಒಲೆ ಎಂದೆ, ಎಷ್ಟು ಮುಡಿ ಅಕ್ಕಿ ಬೆಂದಿರಬಹುದು ಎಂದೂ ಹೇಳಿದೆ. ಮೇಡಂ ಕುಂಚದಲ್ಲಿ ಮೆಲ್ಲ ಬಿಡಿಸಿದರು. ಬೂದಿಯ ಅಡಿಯಲ್ಲಿ ಪೆಪ್ಸಿಯ ಮುಚ್ಚಳ. ಕಳೆದ ಚಳಿಗಾಲ ಯಾರೋ ಡೇರೆ ಹಾಕಿ ಮಾಂಸ ಸುಟ್ಟದ್ದು. "ಭೋಜ, ಹೊಸದು ಯಾವಾಗಲೂ ಹಳೆಯದರ ಅಂಗಿ ಹಾಕಿಕೊಂಡು ಬರುತ್ತದೆ" ಎಂದು ನಕ್ಕರು. ಹಿಂದಿಯಲ್ಲಿ ಸೈದು ಬಿಡಿಸಿ ಹೇಳಿದ್ದು. ಒಳ್ಳೆ ಮಾತು, ಬರೆದುಕೋ.

ನಿನ್ನ ಭೋಜ ಮಾಮ


ಬೆಳುವಾಯಿ
14 ಡಿಸೆಂಬರ್ 2024

ಮಾಮ,

ಬಾವಾಕುಂಞಿಯವರಿಗೆ ಫೋನ್ ಮಾಡಿ ಇವತ್ತೇ ಕ್ಯಾಂಪಿಗೆ ಹೋಗಿ ಎಂದು ಕೇಳಿಕೊಂಡಿದ್ದೇನೆ. ಅಜ್ಜಿ ಮೊನ್ನೆ ಗುರುವಾರ ಬೆಳಿಗ್ಗೆ ಹೋದರು. ನೋವು ತಿನ್ನಲಿಲ್ಲ. ಎಲೆಗೆ ಸುಣ್ಣ ಹಚ್ಚಿಕೊಂಡು ಕೂತಿದ್ದರು, ಹಾಗೆಯೇ ಕಂಬಕ್ಕೆ ಒರಗಿದರು.

ಬೊಜ್ಜ ಇಪ್ಪತ್ತನಾಲ್ಕಕ್ಕೆ. ಅಮ್ಮ "ಅಣ್ಣ ಬರ್ತಾನಾ ಕೇಳು" ಎಂದು ಇಷ್ಟೇ ಹೇಳಿದರು. ಬರುತ್ತೀರಾ ಮಾಮ?

ದೀಕ್ಷಿತಾ


ಸುಬಿಯಾ ಕ್ಯಾಂಪ್
27 ಡಿಸೆಂಬರ್ 2024, ಶುಕ್ರವಾರ

ದೀಕ್ಷಿತಾ,

ಬರಲಿಕ್ಕಾಗಲಿಲ್ಲ. ನಾನಿಲ್ಲದಿದ್ದರೆ ಇಲ್ಲಿ ಎಲ್ಲವೂ ನಿಲ್ಲುತ್ತದೆ ಎಂದು ಇವರು ಕೈಮುಗಿದು ಕೂತರು. ನಲವತ್ತು ಜನರ ಹೊಟ್ಟೆಯ ಪ್ರಶ್ನೆ. ಹಾಗೆಂದು ಅಮ್ಮನಿಗೆ ಹೇಳು.

ಬೊಜ್ಜದ ದಿನ ಇಲ್ಲಿ ಯಾರೂ ಇರಲಿಲ್ಲ. ಕ್ರಿಸ್ಮಸಿಗೆಂದು ಮೇಡಂ, ತಂಡದವರು ಹಿಂದಿನ ಸಂಜೆಯೇ ಪಟ್ಟಣಕ್ಕೆ ಹೋದರು. ಸೈದು ಮತ್ತು ಕೆಲಸದವರಿಗೂ ಎರಡು ದಿನ ರಜೆ. ಕಾವಲಿಗೆ ನಾನೊಬ್ಬ. ಬೆಳಿಗ್ಗೆ ಮಿಂದು, ಸಮುದ್ರದ ಕಡೆ ಮುಖ ಮಾಡಿ ಕೂತೆ. ಸುಮ್ಮನೆ ಕೂತರೆ ಕೈ ಕೇಳುವುದಿಲ್ಲ, ನಿನಗೆ ಗೊತ್ತಲ್ಲ. ಮಧ್ಯಾಹ್ನದವರೆಗೆ ಏನೋ ಸ್ವಲ್ಪ ಕೆಲಸ ಮಾಡಿದೆ. ಅಷ್ಟೇ.

ದೂಪೆ ಎಷ್ಟು ಎತ್ತರ ಬಂತು? ಮೂರು ಮೆಟ್ಟಿಲು ಮಾಡಿದರಾ? ಬಿಡುವಾಗಿ ಬರೆ. ಅದು ಸದ್ಯಕ್ಕೆ ಮಣ್ಣಿನದು ಇರಲಿ. ಸೀಸನ್ ಮುಗಿಯುವಾಗ ಒಟ್ಟಿಗೆ ದುಡ್ಡು ಸಿಗುತ್ತದೆ. ಕಾರ್ಕಳದ ಕರಿಕಲ್ಲು ತರಿಸಿ, ನಾಲ್ಕು ಮೂಲೆಗೆ ಕಲಶ ಕೆತ್ತಿಸಿ, ತಾಲೂಕಿನಲ್ಲಿ ಯಾರಿಗೂ ಇಲ್ಲದಂಥ ದೂಪೆ ಅಜ್ಜಿಗೆ ಕಟ್ಟಿಸುತ್ತೇನೆ. ಇದನ್ನು ಮಾತ್ರ ಮೋಹಿನಿ ಭಾಗಿಸಬಾರದು.

ಭೋಜ


ಬೆಳುವಾಯಿ
9 ಜನವರಿ 2025

ಪ್ರೀತಿಯ ಮಾಮ,

ಬೊಜ್ಜ ಚೆನ್ನಾಗಿ ಆಯಿತು. ಎಲ್ಲರೂ ನಿಮ್ಮನ್ನು ಕೇಳಿದರು. ಸತ್ತವರಿಗೆ ಅಗೆಲು ಬಡಿಸುವಾಗ ಅಮ್ಮ ಅಜ್ಜಿಯ ಎಲೆಯ ಪಕ್ಕ ನಿಮ್ಮ ಪಾಲಿನ ಒಂದು ದೋಸೆ ಹೆಚ್ಚು ಇಟ್ಟರು.

ದೂಪೆ ಚೆನ್ನಾಗಿ ಬಂದಿದೆ. ಮೂರು ಮೆಟ್ಟಿಲು. ಫೋಟೋ ತೆಗೆಯುವುದು ಬೇಡ ಎಂದು ಅಮ್ಮ ಹೇಳಿದ್ದರಿಂದ ಕಳಿಸಲು ಆಗುತ್ತಿಲ್ಲ.

ನಿಮ್ಮ ರಾಜ ಗಿಡ್ಡನಲ್ಲ ಮಾಮ. ಆ ಕಾಲದಲ್ಲಿ ಮಂಡಿ ಮಡಚಿ, ಒಂದು ಮಗ್ಗುಲಾಗಿ, ಹೊಟ್ಟೆಯೊಳಗಿನ ಮಗುವಿನ ಹಾಗೆ ಮಲಗಿಸುತ್ತಿದ್ದರು. ಅದಕ್ಕೆ ಕೋಣೆ ಸಣ್ಣದು. ಅಜ್ಜಿ ಚಳಿಗೆ ಮಲಗುತ್ತಿದ್ದರಲ್ಲ, ಹಾಗೆ.

ಗೋರಿಯ ಕೆಲಸ ಎಲ್ಲಿಯವರೆಗೆ ಬಂತು?

ದೀಕ್ಷಿತಾ


ಸುಬಿಯಾ ಕ್ಯಾಂಪ್
31 ಜನವರಿ 2025, ಶುಕ್ರವಾರ

ಮಗಳೇ,

ಇಲ್ಲಿ ಚಳಿ ಕಡಿಮೆಯಾಗಿಲ್ಲ. ಬಾವಾಕುಂಞಿ ತಂದ ಟೊಮೆಟೊ ಅರ್ಧ ಕೊಳೆತಿತ್ತು. ಗೋರಿಯಲ್ಲಿ ವಿಶೇಷ ಏನೂ ಇಲ್ಲ, ಕಲ್ಲು, ಮರಳು, ಕಲ್ಲು. ನೀನು ನಿನ್ನ ಓದು ನೋಡಿಕೋ. ದೂಪೆಯ ಮೇಲೆ ಹುಲ್ಲು ಬಂತಾ?

ಭೋಜ ಮಾಮ

ದೀಕ್ಷಿತಕ್ಕಾ, ನಾನು ಬಾವಾಕುಂಞಿ. ಈ ಕಾಗದ ನಾನು ಓದ್ಲಿಲ್ಲ. ಓದ್ಲಿಲ್ಲ ಆದ್ರೂ ಇಷ್ಟು ಸಣ್ಣ ಉಂಟು ಅಂತ ಕಣ್ಣಿಗೆ ಬಿತ್ತು, ಅದಕ್ಕೆ ಅದರ ಕೆಳಗೆ ಬರೀತಿದ್ದೇನೆ. ನಿಮ್ಮ ಮಾಮನಿಗೆ ಎಂತದೋ ಆಗಿದೆ. ಇಲ್ಲಿ ಅಷ್ಟು ದೊಡ್ಡ ಸುದ್ದಿ, ಅವರು ಟೊಮೆಟೊ ಬರೀತಾರೆ! ಗೋರಿಯ ತೆಂಕು ಬದಿಯಲ್ಲಿ, ಹಳೇ ಗೋಡೆಯ ಮೇಲೆ ಮತ್ತೊಂದು ಸಣ್ಣ ಕಲ್ಲಿನ ಕಟ್ಟೋಣ ಉಂಟಂತೆ, ಮೂರು ಮೆಟ್ಟಿಲಿನದ್ದು. ಅದರ ನಡುವಿನ ಕಲ್ಲಿನಡಿ ಒಂದು ಅಡಿಕೆ ಸಿಕ್ಕಿದೆ. ಅಲ್ಲಾಹನಾಣೆ, ನಮ್ಮ ಅಡಿಕೆ! ಮೇಡಂ ಹತ್ತಿಯಲ್ಲಿಟ್ಟು ಡಬ್ಬಿಗೆ ಹಾಕಿದ್ದಾರೆ. ಪರೀಕ್ಷೆಗೆ ಕಳಿಸಿ ವಯಸ್ಸು ಗೊತ್ತಾಗುವವರೆಗೆ ಯಾರಿಗೂ ಹೇಳ್ಬೇಡಿ ಅಂತ ಹೇಳಿದ್ದಾರೆ. ಹಾಗಾಗಿ ನೀವೂ ಯಾರಿಗೂ ಹೇಳ್ಬೇಡಿ.


ಕೊಣಾಜೆ
4 ಫೆಬ್ರವರಿ 2025

ಮಾಮ! ಮಾಮ!

ಇದನ್ನು ನನ್ನಿಂದ ಮುಚ್ಚಿಡಲು ನಿಮಗೆ ಹೇಗೆ ಮನಸ್ಸು ಬಂತು?

ಅಡಿಕೆ ಆ ಮರಳಿನಲ್ಲಿ ಬೆಳೆಯುವುದಿಲ್ಲ. ನಮ್ಮಂಥ ತೇವದ ನೆಲದಿಂದಲೇ ಹೋಗಬೇಕು. ಅದೂ ಎಲ್ಲಿ, ಮೂರು ಮೆಟ್ಟಿಲಿನ ಕಟ್ಟೋಣದಡಿಯಲ್ಲಿ! ಮೂರು ಮೆಟ್ಟಿಲು ಎಂದರೆ ಅದು ದೂಪೆ. ಅಂದರೆ ನಮ್ಮ ಕಡಲಿನವನೊಬ್ಬ ಸಾವಿರಾರು ವರ್ಷಗಳ ಹಿಂದೆ ದೋಣಿಯಲ್ಲಿ ಅಲ್ಲಿಗೆ ಹೋಗಿದ್ದ. ಅವನವರು ಯಾರೋ ಸತ್ತರು. ಊರಿಗೆ ಬರಲಾಗಲಿಲ್ಲ. ಅಲ್ಲಿದ್ದ ಹಳೆಯ ಗೋರಿಯ ಮೇಲೆ, ತನಗೆ ಗೊತ್ತಿದ್ದ ಕ್ರಮದಲ್ಲಿ ಒಂದು ದೂಪೆ ಕಟ್ಟಿದ.

ಸರ್‌ಗೆ ಹೇಳಿಬಿಟ್ಟೆ. ಹೇಳಬಾರದಿತ್ತು, ತಡೆಯಲಾಗಲಿಲ್ಲ. ಅವರು ಕುರ್ಚಿಯಿಂದ ಎದ್ದು ನಿಂತರು ಮಾಮ. ಮಾರ್ಚ್ ಎಂಟರ ವಿಚಾರ ಸಂಕಿರಣದಲ್ಲಿ ಹೊರಗಿನ ವಿದ್ವಾಂಸರ ಮುಂದೆ ನಾನು ಇದನ್ನೇ ಓದಬೇಕು ಎಂದಿದ್ದಾರೆ. ಇದರ ಮೇಲೆ ಪಿಎಚ್‌.ಡಿ. ಸೀಟು ಸಿಗುವುದು ಖಂಡಿತ ಎಂದೂ ಹೇಳಿದರು. ಕಟ್ಟೋಣದ ಅಳತೆ, ಕಲ್ಲು ಇಟ್ಟ ಕ್ರಮ, ಎಲ್ಲ ಬರೆದು ಕಳಿಸಿ. ಬೇಗ!

ನಿಮ್ಮ ದೀಕ್ಷಿತಾ


ಸುಬಿಯಾ ಕ್ಯಾಂಪ್
14 ಫೆಬ್ರವರಿ 2025, ಶುಕ್ರವಾರ

ದೀಕ್ಷಿತಾ,

ಅವಸರ ಬೇಡ. ಮರುಭೂಮಿಯಲ್ಲಿ ಗಾಳಿ ಏನೇನೋ ತರುತ್ತದೆ. ಇಲಿ ಉಂಟು, ಇಲಿ ಎಲ್ಲಿಂದ ಎಲ್ಲಿಗೂ ಸಾಗಿಸುತ್ತದೆ. ಪೆಪ್ಸಿ ಮುಚ್ಚಳದ ಕಥೆ ಬರೆದಿದ್ದೆನಲ್ಲ, ಇನ್ನೊಮ್ಮೆ ಓದು. ಒಂದು ವರ್ಷ ಬಿಟ್ಟು ಬರೆದರೆ ನಾಲ್ಕು ಸಾವಿರ ವರ್ಷಕ್ಕೆ ಏನೂ ನಷ್ಟವಿಲ್ಲ. ಅಳತೆ ನನಗೆ ಗೊತ್ತಿಲ್ಲ.

ಭೋಜ


ಕೊಣಾಜೆ
19 ಫೆಬ್ರವರಿ 2025

ಮಾಮ,

ಇಲಿ ಮೂರು ಮೆಟ್ಟಿಲು ಕಟ್ಟುತ್ತದಾ?

ನಿಮಗೆ ಗೊತ್ತಿಲ್ಲದ್ದು ಎಂಬುದು ಇವತ್ತಿನವರೆಗೆ ಒಂದೂ ಇರಲಿಲ್ಲ. ಕುವೈತಿನ ಕಲ್ಲೆಲ್ಲ ನಿಮ್ಮನ್ನು ಕೇಳಿ ಅಲ್ಲಾಡುತ್ತಿತ್ತು. ನನಗೆ ಒಂದು ಒಳ್ಳೆಯದು ಬಂದಾಗ ಮಾತ್ರ ಕಲ್ಲಿನ ಅಳತೆಯೂ ನಿಮಗೆ ಗೊತ್ತಿಲ್ಲ. ನಿಮ್ಮದನ್ನೆಲ್ಲ ಹತ್ತರಿಂದ ಗುಣಿಸುತ್ತೀರಿ, ನನ್ನದನ್ನು ಯಾಕೆ ಭಾಗಿಸುತ್ತೀರಿ? ಮಣ್ಣಿನ ಗುಡ್ಡೆ ಎಂದು ಸರ್ ನಕ್ಕಾಗಲೂ ನನಗೆ ಇಷ್ಟು ಬೇಸರ ಆಗಿರಲಿಲ್ಲ.

ಅಳತೆ ಇಲ್ಲದಿದ್ದರೂ ನಾನು ಓದುತ್ತೇನೆ. ಎಂಟನೇ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ.

ದೀಕ್ಷಿತಾ


ಸುಬಿಯಾ ಕ್ಯಾಂಪ್
28 ಫೆಬ್ರವರಿ 2025, ಶುಕ್ರವಾರ

ಮಗಳೇ,

ಇದನ್ನು ಎಂಟನೇ ತಾರೀಕಿನ ಮೊದಲು ಓದು. ಬಾವಾಕುಂಞಿ, ಇದನ್ನು ಇವತ್ತೇ ಕಳಿಸು. ಓದಬೇಕಾದರೆ ಓದು, ಇನ್ನು ಮುಚ್ಚಿಡಲಿಕ್ಕೆ ಏನೂ ಇಲ್ಲ.

ಅಳತೆ ಕೇಳಿದೆಯಲ್ಲ. ಕೆಳಗಿನ ಮೆಟ್ಟಿಲು ನನ್ನ ಒಂದೂವರೆ ಮಾರು. ನಡುವಿನದು ಒಂದು ಮಾರು. ಮೇಲಿನದು ಅನ್ನ ಬಸಿಯುವ ತಟ್ಟೆಯಷ್ಟು. ಕಲ್ಲು ಇಟ್ಟ ಕ್ರಮ ಮೂಡು ದಿಕ್ಕಿನಿಂದ ಶುರು, ಬಲಕ್ಕೆ ಸುತ್ತು. ಅಡಿಕೆ ಅಜ್ಜಿ ನನ್ನ ಕಿಸೆಗೆ ಹಾಕಿದ್ದು.

ನಾನು ಇಲ್ಲಿ ಅಡುಗೆಯವ. ಹುದ್ದೆಯ ಹೆಸರು ಇಂಗ್ಲಿಷಿನಲ್ಲಿಯೂ ಉದ್ದವಿಲ್ಲ.

ಬೊಜ್ಜದ ದಿನ ಬೆಳಿಗ್ಗೆ ಮಿಂದು ಕೂತಿದ್ದೆ ಎಂದು ಬರೆದದ್ದು ನಿಜ. ಊರಲ್ಲಿ ಆ ಹೊತ್ತಿಗೆ ಮಣ್ಣು ಕಲಸುತ್ತಿರುತ್ತಾರೆ ಎಂದು ನೆನಪಾಯಿತು. ನಮ್ಮ ಮನೆಯ ಕ್ರಮದಲ್ಲಿ ಮೊದಲ ಮೂರು ಹಿಡಿ ಮಣ್ಣು ಯಜಮಾನನದ್ದು, ಅಂದರೆ ನನ್ನದು. ಕೈ ಖಾಲಿ ಇಟ್ಟುಕೊಂಡು ಎಷ್ಟು ಹೊತ್ತು ಕೂರುವುದು? ಎದುರಿಗೆ ಆ ಗೋರಿ. ತೆಂಕು ಬದಿಯ ಗೋಡೆ ಕುಸಿದು ಬಾಯಿಬಿಟ್ಟಿತ್ತು. ಯಾರ ಅಮ್ಮನದೋ, ಯಾರ ಅಪ್ಪನದೋ. ಕುಸಿದ ದೂಪೆಯನ್ನು ಕಂಡು ಕೈ ಕಟ್ಟಿ ನಿಲ್ಲಬಾರದು ಎಂದು ಅಜ್ಜಿಯೇ ಹೇಳುತ್ತಿದ್ದರು. ಕಲ್ಲು ಎತ್ತಿ ಇಟ್ಟೆ. ಒಂದು ಇಟ್ಟ ಮೇಲೆ ನಿಲ್ಲಲಿಲ್ಲ. ಮೂರು ಮೆಟ್ಟಿಲಾಯಿತು. ಅಡಿಕೆ ಇಟ್ಟೆ, ತಂಬಿಗೆ ನೀರು ಹೊಯ್ದೆ, ಮರಳು ಮುಚ್ಚಿದೆ. ಆಮೇಲೆ ಎರಡು ಸಲ ಮರಳಿನ ಗಾಳಿ ಬೀಸಿತು. ಜನವರಿಯಲ್ಲಿ ಅವರು ಆ ಬದಿಗೆ ಬಂದಾಗ ಅದು ರಾಜನ ಕಾಲದ್ದೇ ಎಂಬ ಹಾಗೆ ಕೂತಿತ್ತು. ಹೊಸದು ಹಳೆಯದರ ಅಂಗಿ ಹಾಕಿಕೊಂಡಿತ್ತು.

ಅಡಿಕೆ ಸಿಕ್ಕಿದ ದಿನ ಎಲ್ಲರೂ ಗುಂಪುಗೂಡಿದರು. ನಾನು ಸೌಟು ಹಿಡಿದು ಹಿಂದೆ ನಿಂತಿದ್ದೆ. ಆಗ ಹೇಳಿದ್ದರೆ ಒಂದು ನಗೆಯಲ್ಲಿ ಮುಗಿಯುತ್ತಿತ್ತೋ ಏನೋ. ಹೇಳಲಿಲ್ಲ. ನಿನ್ನ ಕಾಗದ ಬಂದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ನಮ್ಮ ಕಡಲಿನವನೊಬ್ಬ ಊರಿಗೆ ಬರಲಾಗದೆ ಅಲ್ಲೇ ದೂಪೆ ಕಟ್ಟಿದ ಎಂದು ಬರೆದಿದ್ದೆಯಲ್ಲ. ಅದನ್ನು ನಾನು ಎಷ್ಟು ಸಲ ಓದಿದೆ ಎಂದು ಗೊತ್ತಿಲ್ಲ. ಅವನ ಕಾಲ ಒಂದು ಬಿಟ್ಟರೆ ಎಲ್ಲವನ್ನೂ ಸರಿ ಹೇಳಿದ್ದೀ.

ನಿನ್ನೆ ಚಹಾ ಕೊಡುವಾಗ ರೆಜಿನಾ ಮೇಡಂಗೆ ಹೇಳಿದೆ. ಇಂಗ್ಲಿಷು ನನಗೆ ಎಷ್ಟು ಬರುತ್ತದೆ ಎಂದು ನಿನಗೆ ಇಷ್ಟರಲ್ಲಿ ಗೊತ್ತಾಗಿರಬೇಕು.

"ಮದಾಮ್, ದಟ್ ಸ್ಟೋನ್, ಮೈ ಸ್ಟೋನ್."

"ವಾಟ್?"

"ಮೈ ಮದರ್ ಖಲಾಸ್, ಮದಾಮ್. ಡಿಸೆಂಬರ್. ನೋ ಗೋ. ಮೈ ಹ್ಯಾಂಡ್ ನೋ ಮಿಟ್ಟಿ."

ಸೈದು ಪಕ್ಕದಲ್ಲಿದ್ದ. "ಯಾ ಭೋಜ ಭಾಯಿ, ಯೇ ಕ್ಯಾ ಕಿಯಾ!" ಎಂದು ತಲೆ ಮೇಲೆ ಕೈಯಿಟ್ಟ. ಮೇಡಂ ಲೋಟ ಕೆಳಗಿಟ್ಟರು. ಚಹಾ ಆರಿತು. ಬೈಯುತ್ತಾರೆ ಎಂದು ಕಾದೆ. ಅವರು ನಕ್ಷೆ ತಂದು ಮೇಜಿನ ಮೇಲೆ ಹರಡಿ, ನನ್ನ ಕೈಗೆ ಪೆನ್ಸಿಲ್ ಕೊಟ್ಟು, ಮೊದಲ ಕಲ್ಲು ಯಾವುದು ಎಂದು ಕೇಳಿದರು. ತೋರಿಸಿದೆ. ಎರಡನೆಯದು? ತೋರಿಸಿದೆ. ಹಾಗೆಯೇ ಕೊನೆಯವರೆಗೆ. ಪ್ರತಿಯೊಂದರ ಪಕ್ಕ ಬರೆದುಕೊಂಡರು. ಎದ್ದು ಹೋಗುವಾಗ ನನ್ನ ಹೆಗಲು ಮುಟ್ಟಿದರು. ಕಣ್ಣಿನಲ್ಲಿ ಸಿಟ್ಟೂ ಇತ್ತು. ಇರಬೇಕಾದ್ದೇ, ಅವರ ಒಂದು ತಿಂಗಳ ಕೆಲಸ ಹಾಳು ಮಾಡಿದ್ದೇನೆ.

ಊಟದ ಕಂಟ್ರಾಕ್ಟಿನವನಿಗೆ ಮಾತ್ರ ಸಿಟ್ಟು ಒಂದೇ ಇದ್ದದ್ದು. ನಾಳೆ ಇಲ್ಲಿಂದ ಹೊರಡಬೇಕು. ಸ್ವಲ್ಪ ದುಡ್ಡು ಹಿಡಿದುಕೊಂಡ, ನಲವತ್ತೊಂದು ದಿನಾರ್. ಅದೇನು ದೊಡ್ಡದಲ್ಲ. ಒಂದು ಕೊಡಪಾನ ಬಾವಿಗೆ ಬಿದ್ದ ಹಾಗೆ.

ನಿನ್ನ ಪಿಎಚ್‌.ಡಿ.ಯನ್ನು ಕೆಡಿಸಿದೆ. ನಿನ್ನ ಸರ್ ಎದ್ದು ನಿಂತದ್ದನ್ನು ಕೂರಿಸಿದೆ. ಬೈ. ಮೋಹಿನಿಗೂ ಹೇಳು, ಅವಳೂ ಬೈಯಲಿ. ಅಜ್ಜಿಗೆ ಊರಿನಲ್ಲಿ ಒಳ್ಳೆಯ ದೂಪೆ ಉಂಟಲ್ಲ, ಅಷ್ಟು ಸಮಾಧಾನ.

ಭೋಜ ಮಾಮ


ಬೆಳುವಾಯಿ
12 ಮಾರ್ಚ್ 2025

ಪ್ರೀತಿಯ ಮಾಮ,

ನೀವು ಅಡುಗೆಯವರೆಂದು ಕೊಪ್ಪರಿಗೆಯಲ್ಲಿ ಗೋರಿಯ ಕೋಣೆ ಅಳೆದ ದಿನವೇ ನಮಗೆ ಗೊತ್ತಾಗಿತ್ತು. ಅಮ್ಮ ಹೇಳಬೇಡ ಎಂದಿದ್ದರು. "ಅವನು ದೊಡ್ಡವನಾಗಿ ಇರಲಿ, ಅಲ್ಲಿ ಬೇರೆ ಯಾರು ಇದ್ದಾರೆ ಅವನನ್ನು ದೊಡ್ಡವನು ಮಾಡ್ಲಿಕ್ಕೆ" ಎಂದರು.

ಕಾಗದ ಬಂದ ಮೇಲೆ ಎರಡು ದಿನ ನಿಮ್ಮ ಮೇಲೆ ಬಹಳ ಸಿಟ್ಟಿತ್ತು. ಅತ್ತುಬಿಟ್ಟೆ ಕೂಡ. ಸರ್ ಹತ್ತಿರ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿ, ಒರೆಸಿದ್ದನ್ನೇ ಒರೆಸಿದರು. "ಹೆಸರು ಪಟ್ಟಿಯಲ್ಲಿದೆ, ಓದದಿದ್ದರೆ ಆಗುವುದಿಲ್ಲ. ಏನು ಓದ್ತೀ ನೀನೇ ನೋಡು" ಎಂದರು.

ಎಂಟನೇ ತಾರೀಕು ನಾನು ಎಲ್ಲವನ್ನೂ ಇದ್ದಂತೆ ಓದಿದೆ. ಅಡಿಕೆ ಎನ್ನುವಾಗ ಎಲ್ಲರೂ ಮುಂದೆ ಬಾಗಿದರು, ಇಟ್ಟವರು ನಮ್ಮ ಮಾಮ ಎನ್ನುವಾಗ ನಕ್ಕರು. ನಗು ನಿಂತ ಮೇಲೆ ನಾನು ಹೇಳಿದೆ, ಆ ಎರಡನೇ ಕಟ್ಟೋಣ ಸುಳ್ಳಲ್ಲ, ನಾನು ಹಾಕಿಕೊಂಡ ತಾರೀಕು ಮಾತ್ರ ತಪ್ಪು. ನಾವು ಗೋರಿಗಳನ್ನು ಅಳೆಯುತ್ತೇವೆ, ಕಲ್ಲಿನ ಜಾತಿ ಹೇಳುತ್ತೇವೆ. ಕಟ್ಟಿದವನ ಕೈ ಆ ದಿನ ಯಾಕೆ ಸುಮ್ಮನಿರಲಿಲ್ಲ ಎಂದು ನಮಗೆ ಯಾವ ಗೋರಿಯೂ ಹೇಳಿಲ್ಲ. ಇದೊಂದು ಹೇಳಿದೆ. ಇಷ್ಟು ಹೇಳಿ ಕೂತೆ. ಪಿಎಚ್‌.ಡಿ. ಸೀಟಿನ ಮಾತು ಸರ್ ಮತ್ತೆ ಎತ್ತಿಲ್ಲ. ಆದರೆ ನಿನ್ನೆ ಕಾರಿಡಾರಿನಲ್ಲಿ ನಿಲ್ಲಿಸಿ, "ಮಣ್ಣಿನ ಗುಡ್ಡೆಯ ಅಧ್ಯಾಯ ಯಾವಾಗ ಕೊಡ್ತೀ?" ಎಂದು ಕೇಳಿದರು.

ಈಗ ನಮ್ಮ ಸುಳ್ಳು. ದೂಪೆ ಇಲ್ಲ ಮಾಮ. ಕಟ್ಟಲೇ ಇಲ್ಲ. ಬೊಜ್ಜದ ದಿನ ಮಣ್ಣು ಕಲಸಿ ಆಗಿತ್ತು. ಮೊದಲ ಮೂರು ಹಿಡಿ ಹಾಕುವ ಹೊತ್ತಿಗೆ ಅಮ್ಮ ತಡೆದರು. "ಅಣ್ಣ ಜೀವಂತ ಇದ್ದಾನೆ, ಅವನ ಹಿಡಿ ಮಣ್ಣು ಬೇರೆಯವರು ಯಾಕೆ ಹಾಕ್ಬೇಕು? ಅವನು ಬರ್ಲಿ" ಎಂದರು. ಇಷ್ಟು ದಿನ ಅಲ್ಲಿ ನಾಲ್ಕು ಗೂಟ, ಮೇಲೆ ತೆಂಗಿನ ಮಡಲು ಹೆಣೆದ ಒಂದು ಮಾಡು, ಅಷ್ಟೇ. ನಿಮಗೆ ಬೇಸರವಾಗುತ್ತದೆ ಎಂದು ಮೂರು ಮೆಟ್ಟಿಲು ಎಂದು ಬರೆದೆ. ಅಜ್ಜಿಗೆ ಇದ್ದ ದೂಪೆ ನೀವು ಕಟ್ಟಿದ್ದು ಒಂದೇ.

ಒಂದು ಪ್ರಶ್ನೆ. ನಲವತ್ತೊಂದನ್ನು ಅಮ್ಮ ಅಭ್ಯಾಸದಂತೆ ಭಾಗಿಸಿದರು. ನಾಲ್ಕು ದಿನಾರ್ ಚಿಲ್ಲರೆ ಬಂತು. ನಗಲಿಲ್ಲ. "ಇದು ಸರಿ ಕಾಣುದಿಲ್ಲ, ಕೇಳು" ಎಂದರು. ನಿಜವಾಗಿ ಹೋದದ್ದೆಷ್ಟು?

ನಿಮ್ಮ ದೀಕ್ಷಿತಾ


ವಫ್ರಾ
11 ಏಪ್ರಿಲ್ 2025, ಶುಕ್ರವಾರ

ಮಗಳೇ ದೀಕ್ಷಿತಾ,

ಈಗ ಕುವೈತಿನ ಇನ್ನೊಂದು ತುದಿಯ ವಫ್ರಾದ ಒಂದು ತೋಟದಲ್ಲಿದ್ದೇನೆ. ಎತ್ತ ನೋಡಿದರೂ ಪ್ಲಾಸ್ಟಿಕಿನ ಮಾಡು, ಅದರಡಿ ಟೊಮೆಟೊ, ಸೌತೆ. ಕೆಲಸದವರು ಹದಿನೆಂಟು ಮಂದಿ, ಅವರಿಗೆ ನಾನು ಅನ್ನ ಬೇಯಿಸುತ್ತೇನೆ. ನನ್ನ ಸಾರಿಗೆ ಇಲ್ಲಿ ಬಹಳ ಹೆಸರು. ಇದು ಭಾಗಿಸಿದರೂ ಸ್ವಲ್ಪ ಉಳಿಯುವ ಮಾತು. ಕಫೀಲ್, ಅಂದರೆ ನಮ್ಮನ್ನು ಇಟ್ಟುಕೊಂಡ ಧಣಿ, ಮುದುಕ, ಒಳ್ಳೆಯವನು. ದೂಪೆಯ ವಿಷಯ ಕೈಸನ್ನೆ ಮಾಡಿ ಹೇಳಿದೆ. "ಉಮ್ಮ್?" ಎಂದ, ಅಮ್ಮನಾ ಎಂದು ಕೇಳಿದ್ದು. ಹೌದೆಂದೆ. "ಯಲ್ಲಾ, ರೂಹ್" ಎಂದ, ಅಂದರೆ ಹೋಗು ಎಂದು. ಆ ದಿನಗಳ ಸಂಬಳ ಇಲ್ಲ. ಮೇ ತಿಂಗಳ ಮೊದಲ ವಾರ ಬರುತ್ತೇನೆ. ಮಳೆ ಹಿಡಿದರೆ ಮಣ್ಣು ನಿಲ್ಲುವುದಿಲ್ಲ. ಮೋಹಿನಿಗೆ ಹೇಳು, ಮಡಲಿನ ಮಾಡು ಅಲ್ಲಿಯವರೆಗೆ ಇರಲಿ.

ಕಳೆದ ವಾರ ಬಾವಾಕುಂಞಿ ಅಷ್ಟು ದೂರದಿಂದ ವ್ಯಾನು ಓಡಿಸಿಕೊಂಡು ಬಂದ. ರೆಜಿನಾ ಮೇಡಂ ಊರಿಗೆ ಹೊರಡುವ ಮೊದಲು ಅವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟಿದ್ದರು. ಅದರೊಳಗೆ ನಮ್ಮ ಅಡಿಕೆ. ಮೇಲೆ ನಂಬರು ಬರೆದ ಚೀಟಿ ಅಂಟಿಸಿದೆ, ಅದನ್ನು ಕೀಳಲಿಲ್ಲ. ನಕ್ಷೆಯಲ್ಲಿ ನನ್ನ ಕಲ್ಲುಗಳನ್ನು ಹಾಗೆಯೇ ಇಟ್ಟಿದ್ದಾರಂತೆ. ಗೋರಿ ಕಟ್ಟಿದ್ದು ಇಂಥ ಕಾಲ, ಮೇಲಿನ ಮೂರು ಮೆಟ್ಟಿಲು 2024 ಡಿಸೆಂಬರ್ ಎಂದು ಬರೆದಿದ್ದಾರಂತೆ. ಕಲ್ಲುಗಳನ್ನು ಮಾತ್ರ ತೆಗೆದು ಬದಿಗೆ ಇಟ್ಟರು. ಅದು ಸರಿ. ಆ ಜಾಗ ಬೇರೆಯವರದ್ದು. ಅವರ ಮನೆಯವರು ನಾಲ್ಕು ಸಾವಿರ ವರ್ಷದ ಹಿಂದೆಯೇ ತಮ್ಮ ಹಿಡಿ ಮಣ್ಣು ಹಾಕಿ ಹೋಗಿದ್ದಾರೆ.

ನೀನು ಕೇಳಿದ ಪ್ರಶ್ನೆಗೆ ಬರುತ್ತೇನೆ. ಡಿಸೆಂಬರಿನಲ್ಲಿ ಯಾರೂ ನನಗೆ ಕೈಮುಗಿಯಲಿಲ್ಲ. ಕಂಟ್ರಾಕ್ಟಿನವನು, "ಹೋಗುವುದಾದರೆ ಹೋಗು, ತಿರುಗಿ ಬರಬೇಡ, ಸೀಸನ್ನಿನ ದುಡ್ಡೂ ಇಲ್ಲ" ಎಂದ. ಆ ದುಡ್ಡಿನಲ್ಲಿ ಕರಿಕಲ್ಲಿನ ದೂಪೆ ಕಟ್ಟಿಸಬಹುದು ಎಂದು ಲೆಕ್ಕ ಹಾಕಿ ನಿಂತೆ. ಹೆತ್ತವಳ ಬೊಜ್ಜಕ್ಕೆ ಹೋಗದೆ ಅವಳಿಗೆ ಕಲ್ಲು ಕೂಡಿಟ್ಟೆ. ಆ ದುಡ್ಡೇ ಹೋಯಿತು. ಹಾಗಾಗಿ ಕರಿಕಲ್ಲೂ ಇಲ್ಲ, ಕಲಶವೂ ಇಲ್ಲ. ಮಣ್ಣೇ. ಪ್ರತಿ ಮಳೆಗಾಲ ಕಳೆದ ಮೇಲೆ ಬಂದು ತಟ್ಟಬೇಕಾಗುತ್ತದೆ.

ಮೋಹಿನಿ ಲೆಕ್ಕದಲ್ಲಿ ನನಗಿಂತ ಚುರುಕು. ಈ ಒಂದು ಸಲ ಭಾಗಿಸುವುದು ಬೇಡ, ಗುಣಿಸಬೇಕು ಎಂದು ಅವಳಿಗೆ ಹೇಳು. ಹೋದದ್ದು ನಾನೂರ ಹತ್ತು ದಿನಾರ್.